ಎಮ್ಮೆ ಸಾಲವೂ ನನ್ನ ಮೂಗೂ

ದೆಹಲಿಯ ಜನಕಪುರಿಯ ನಮ್ಮ ಮನೆಯಲ್ಲಿ ಸಂಜೆ ಚಹಾ ಹಿಡಿದು ಕೂತು ‘ಇವತ್ತು ಏನಾಯ್ತು ಗೊತ್ತಾ’ ಅಂತ ನಾನು ಬಾಯಿ ತೆರೆದರೆ ಸಾಕು, ನಮ್ಮ ಮನೆಯವರು ಟಿವಿಯ ಸದ್ದು ನಿಲ್ಲಿಸುತ್ತಾರೆ. ಅವರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿದ್ದಾರೆ. ಅಲ್ಲಿ ಇಪ್ಪತ್ತೈದು ವರ್ಷದಿಂದ ಏನೂ ಆಗಿಲ್ಲ. ಬ್ಯಾಂಕಿನಲ್ಲಿರುವವಳು ನಾನು, ನನಗೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ.

ಎರಡು ವರ್ಷದ ಹಿಂದೆ ನನ್ನನ್ನು ಘಾಜಿಯಾಬಾದ್‌ನಿಂದಾಚೆ ಒಂದು ಹಳ್ಳಿಯ ಬ್ರಾಂಚಿಗೆ ಮ್ಯಾನೇಜರ್ ಮಾಡಿ ಹಾಕಿದರು. ‘ಪ್ರಮೋಷನ್’ ಅಂದರು. ಜನಕಪುರಿಯಿಂದ ವೈಶಾಲಿವರೆಗೆ ಮೆಟ್ರೋ, ಅಲ್ಲಿಂದ ಎರಡು ಶೇರ್ ಆಟೋ, ಕೊನೆಗೆ ಅರ್ಧ ಮೈಲಿ ನಡಿಗೆ. ಇದು ಪ್ರಮೋಷನ್ನೋ ಶಿಕ್ಷೆಯೋ ಅಂತ ನಾನು ಮೊದಲ ವಾರವಿಡೀ ಸಿಡುಕಿದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆ ಮೂಗಿನ ಕಥೆ ಮುಂದೆ ಬರುತ್ತದೆ.

೧. ಮೇಡಂ ಬೈತಾರೆ

ಮೊದಲ ದಿನ. ಬ್ರಾಂಚ್ ಅಂದರೆ ಒಂದು ಹಾಲ್, ಅದರ ಮೂಲೆಯಲ್ಲಿ ಗಾಜಿನ ಬಾಗಿಲಿನ ನನ್ನ ಕೋಣೆ. ಹಾಲ್‌ನ ಬೆಂಚಿನ ಮೇಲೆ ಹದಿನೈದು ಜನ ಕೂತಿದ್ದಾರೆ. ಆಗ ನಮ್ಮ ಮನೆಯವರ ಫೋನು.

‘ಹೇಗಿದೆ ಹೊಸ ಬ್ರಾಂಚು? ಏನು ಕೆಲಸ?’

‘ಏನು ಕೆಲಸ ಅಂದ್ರೆ ಸಾಲ. ಬರೀ ಸಾಲ,’ ಅಂದೆ. ಸಿಗ್ನಲ್ ಸಿಗದ ಜಾಗ, ಜೋರಾಗೇ ಅಂದೆ. ಮಾತಾಡುವಾಗ ಕೈ ಆಡಿಸುವ ಅಭ್ಯಾಸ ಬೇರೆ ನನಗೆ. ‘ಇಲ್ಲಿ ಬೆಂಚಿನ ಮೇಲೆ ಕೂತಿರೋರಿಗೆಲ್ಲಾ ಸಾಲಾ. ಆ ಪೇಟದವರಿಗೂ ಸಾಲಾ. ಬಾಗಿಲಲ್ಲಿ ಬಿಳಿ ಮೀಸೆಯವರೊಬ್ಬರು ನಿಂತಿದಾರೆ ನೋಡಿ, ಅವರಿಗೂ ಸಾಲಾನೇ ಇರಬೇಕು.’

ಫೋನ್ ಇಟ್ಟು ನೋಡುತ್ತೇನೆ, ಬೆಂಚಿನವರೆಲ್ಲ ನನ್ನ ಕಡೆಗೇ ತಿರುಗಿದ್ದಾರೆ. ಪೇಟದವರು ಎದ್ದು ನಿಂತಿದ್ದಾರೆ. ನಮ್ಮ ಚಪರಾಸಿ, ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದ ನಿಧಾನಸ್ಥ ಮನುಷ್ಯ, ಒಳಗೆ ಬಂದು ಬಾಗಿಲು ಹಾಕಿಕೊಂಡ.

‘ಮೇಡಂಜೀ, ಈ ಊರಿನವರು ಒರಟರು, ಆದರೆ ಕೆಟ್ಟವರಲ್ಲ. ಬಂದ ದಿನವೇ ಎಲ್ಲರಿಗೂ ಹೀಗೆ ಬೈಯೋದು, ಅದೂ ಒಬ್ಬೊಬ್ಬರನ್ನೇ ಕೈ ತೋರಿಸಿ...’

ಆಗ ಹೊಳೆಯಿತು. ಹಿಂದಿಯಲ್ಲಿ ಸಾಲಾ ಅಂದರೆ ಹೆಂಡತಿಯ ತಮ್ಮ. ಹೆಂಡತಿಯ ತಮ್ಮ ಅಲ್ಲದವರಿಗೆ ಹೇಳಿದರೆ ಬೈಗುಳ. ಇಪ್ಪತ್ತು ವರ್ಷ ದೆಹಲಿಯಲ್ಲಿದ್ದು ಇದು ಗೊತ್ತಿಲ್ಲದೆ ಏನು, ಆದರೆ ಮನೆಯವರ ಜೊತೆ ಕನ್ನಡ ಆಡುವಾಗ ಹಿಂದಿ ಯಾರಿಗೆ ನೆನಪಿರುತ್ತದೆ? ಹೊರಗೆ ಹೋಗಿ ಕೈ ಮುಗಿದು, ನಮ್ಮ ಭಾಷೆಯಲ್ಲಿ ಕರ್ಜ್‌ಗೆ ಸಾಲ ಅಂತಾರೆ, ತಪ್ಪು ತಿಳಿಯಬೇಡಿ ಅಂತ ವಿವರಿಸಿದೆ.

ಬಿಳಿ ಮೀಸೆಯವರು ಸ್ವಲ್ಪ ಯೋಚಿಸಿದರು. ಅವರು ಊರಿನ ಲಾಲಾ. ಬ್ಯಾಂಕಿನ ಪಕ್ಕದಲ್ಲೇ ಅವರ ಕಿರಾಣಿ ಅಂಗಡಿ, ಅಂಗಡಿಯ ಹಿಂದೆ ಬಡ್ಡಿ ವ್ಯವಹಾರ. ‘ಮೇಡಂಜೀ, ನಾನು ಮೂವತ್ತು ವರ್ಷದಿಂದ ಇದೇ ಧಂಧೆಯಲ್ಲಿದ್ದೀನಿ,’ ಅಂದರು. ‘ಇದಕ್ಕೆ ಸರಿಯಾದ ಹೆಸರು ಏನು ಅಂತ ಇವತ್ತು ಗೊತ್ತಾಯ್ತು.’

೨. ತಾಯಿ

ಆಮೇಲೆ ಆ ಪದವನ್ನು ಬ್ರಾಂಚಿನಲ್ಲಿ ಎತ್ತಲೇ ಇಲ್ಲ. ಫೋನಿನಲ್ಲಿ ನಮ್ಮ ಮನೆಯವರಿಗೂ ‘ಲೋನು’ ಅಂತಲೇ ಹೇಳುತ್ತಿದ್ದೆ. ಒಂದು ಪದದ ಮೇಲೆ ಇಷ್ಟು ಎಚ್ಚರ ಇಟ್ಟವಳು ಇನ್ನೊಂದರ ಮೇಲೆ ಎಡವಿ ಬಿದ್ದೆ.

ಏಪ್ರಿಲ್ ಬಿಸಿಲಿನಲ್ಲಿ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿದ ವಯಸ್ಸು, ತಲೆ ಮೇಲೆ ಸೆರಗು, ಕೈಯಲ್ಲಿ ಖಾಲಿ ಹಾಲಿನ ಡಬ್ಬಿ. ಬಿಸಿಲಿಗೆ ಮುಖ ಕೆಂಪಾಗಿತ್ತು. ನಮ್ಮೂರಿನಲ್ಲಿ ಇಂಥವರನ್ನು ಹೇಗೆ ಮಾತಾಡಿಸುತ್ತೇವೋ ಹಾಗೇ ನನ್ನ ಬಾಯಿಂದ ಬಂತು: ‘ಬನ್ನಿ ತಾಯಿ, ಬೈಠಿಯೇ.’

ಅವರು ಕೂರಲಿಲ್ಲ. ನನ್ನನ್ನೇ ನೋಡಿದರು. ‘ಏನಂದೆ?’

‘ಬೈಠಿಯೇ ತಾಯಿ.’

‘ಯಾರ ಮಗಳು ನೀನು?’

ಬ್ಯಾಂಕ್ ಮ್ಯಾನೇಜರಿಗೆ ಯಾರೂ ಕೇಳದ ಪ್ರಶ್ನೆ. ನಾನು ಹಾಸನದ ಕಡೆಯವಳು, ನಮ್ಮಪ್ಪ ಪೋಸ್ಟಾಫೀಸಿನಲ್ಲಿದ್ದರು ಅಂತ ಹೇಳಲು ಹೋಗಿ, ಹಾಸನ ಇವರಿಗೆ ಎಲ್ಲಿ ಗೊತ್ತಾಗಬೇಕು ಎಂದುಕೊಂಡು ‘ಬೆಂಗಳೂರು ಕಡೆ’ ಅಂದೆ. ಅವರು ಹಾಲಿನ ಡಬ್ಬಿ ನೆಲಕ್ಕಿಟ್ಟು ನಿಧಾನವಾಗಿ ಕೂತರು.

‘ವಯಸ್ಸೆಷ್ಟು?’

‘ನಲವತ್ತಾರು.’

ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ‘ಸರಿಹೋಯ್ತು,’ ಅಂದರು.

ಏನು ಸರಿಹೋಯಿತೋ ನನಗೆ ತಿಳಿಯಲಿಲ್ಲ. ಅವರು ಬಂದ ವಿಷಯ ಹೇಳಿದರು, ಅದು ತಿಳಿಯಿತು. ಮನೆಯಲ್ಲಿ ಅವರು, ವಿಧವೆ ಸೊಸೆ, ಘಾಜಿಯಾಬಾದ್‌ಗೆ ಕಾಲೇಜಿಗೆ ಹೋಗುವ ಮೊಮ್ಮಗಳು. ಮೂರು ಜನಕ್ಕೆ ಒಂದು ಎಮ್ಮೆ. ಎಮ್ಮೆ ಹಾಲು ಕೊಡುವಷ್ಟು ತಿಂಗಳು ಮನೆ ನಡೆಯುತ್ತದೆ. ಹಾಲು ಬತ್ತಿದ ಮೇಲೆ ಲಾಲಾ ಹತ್ತಿರ ಹೋಗಬೇಕು. ಲಾಲಾ ಕೊಡುತ್ತಾರೆ, ಆದರೆ ಎಮ್ಮೆ ಮತ್ತೆ ಕರು ಹಾಕಿದ ಮೇಲೆ ಹಾಲೆಲ್ಲ ಅವರ ಅಂಗಡಿಗೇ ಹಾಕಬೇಕು, ಅದೂ ಪೇಟೆ ಬೆಲೆಗಿಂತ ಕಡಿಮೆಗೆ. ಹೀಗಾಗಿ ಎಮ್ಮೆ ಇವರ ಕೊಟ್ಟಿಗೆಯಲ್ಲಿದ್ದರೂ ಅರ್ಧ ಎಮ್ಮೆ ಲಾಲಾನದು. ಎರಡನೇ ಎಮ್ಮೆಯೊಂದಿದ್ದರೆ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತದೆ. ಹಿಂದಿನ ಓಣಿಯವನೊಬ್ಬ ಮಗನ ಮನೆಗೆ ಹೋಗಿಬಿಡುತ್ತೇನೆಂದು ತನ್ನ ಎಮ್ಮೆ ಮಾರುತ್ತಿದ್ದಾನೆ. ಮುಂದಿನ ತಿಂಗಳ ಕೊನೆವರೆಗೆ ಕಾಯುತ್ತಾನಂತೆ, ಆಮೇಲೆ ದಲ್ಲಾಳಿಗೆ. ಈ ಸಲ ಎಮ್ಮೆ ಸಿಗದಿದ್ದರೆ ಮೊಮ್ಮಗಳ ಕಾಲೇಜು ಬಿಡಿಸಬೇಕು, ಯಾಕೆಂದರೆ ಹಳೆಯದು ತೀರುವವರೆಗೆ ಫೀಸಿಗೆ ಕೊಡುವುದಿಲ್ಲ ಅಂತ ಲಾಲಾ ಹೇಳಿಬಿಟ್ಟಿದ್ದಾರೆ.

ಇಷ್ಟು ಸರಿಯಾಗಿ ಯೋಚಿಸಿದ ಸಾಲದ ಅರ್ಜಿ ನಾನು ಕನ್ನಾಟ್ ಪ್ಲೇಸಿನ ಬ್ರಾಂಚಿನಲ್ಲೂ ನೋಡಿರಲಿಲ್ಲ. ಮಾಡಿಕೊಡುತ್ತೇನೆ ತಾಯಿ ಅಂದೆ.

ಮನೆಗೆ ಬಂದು ಹೇಳಿದರೆ ಮಗಳು ಬಿದ್ದು ಬಿದ್ದು ನಕ್ಕಳು. ಅವಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ‘ಅಮ್ಮಾ, ತುಮ್ ಭೀ ನಾ... ಹಿಂದಿಯಲ್ಲಿ ತಾಈ ಅಂದ್ರೆ ಮದರ್ ಅಲ್ಲ. ದೊಡ್ಡಪ್ಪನ ವೈಫ್. ದೊಡ್ಡಮ್ಮ.’

ಮರುದಿನ ಚಪರಾಸಿ ಉಳಿದದ್ದನ್ನು ತುಂಬಿದ. ತಾಈಯ ಗಂಡನಿಗೆ ಒಬ್ಬ ತಮ್ಮ ಇದ್ದ. ತಾಈ ಮದುವೆಯಾಗಿ ಬಂದ ಮರುವರ್ಷವೇ ಸೈನ್ಯ ಸೇರಿ ಬೆಂಗಳೂರಿಗೆ ಹೋದವನು, ಅಲ್ಲೇ ಯಾರನ್ನೋ ಮದುವೆಯಾದನಂತೆ, ಊರಿಗೆ ತಿರುಗಿ ಬರಲಿಲ್ಲ. ಈಗ ನಲವತ್ತೇಳು ವರ್ಷ. ಬೆಂಗಳೂರಿನ ಹೆಣ್ಣೊಬ್ಬಳು, ನಲವತ್ತಾರು ವರ್ಷದವಳು, ಬಂದು ತಾಈ ಅಂತ ಕರೆದರೆ ಅವಳು ಇನ್ಯಾರ ಮಗಳಾಗಿರಬೇಕು?

ನಾನು ಓಡಿಹೋಗಿ ತಾಈಗೆ ಎಲ್ಲ ಬಿಡಿಸಿ ಹೇಳಿದೆ. ನಮ್ಮಪ್ಪ ಪೋಸ್ಟಾಫೀಸು, ಸೈನ್ಯ ಅಲ್ಲ, ಹಾಸನ ಬಿಟ್ಟು ಹೋದವರೇ ಅಲ್ಲ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿ, ಸುತ್ತ ನಿಂತಿದ್ದ ಹೆಂಗಸರಿಗೆ ತೋರಿಸಿದರು.

‘ಅಪ್ಪ ಹೇಳಿಕೊಟ್ಟಿದ್ದಾನೆ ಪಾಪ, ಹಾಗೇ ಹೇಳ್ತಾಳೆ. ಆದರೆ ಮೂಗು ನೋಡಿ. ಈ ಮೂಗು ನಮ್ಮ ಮನೇದು.’

೩. ಅರ್ಜಿದಾರರು ಅಪ್ರಾಪ್ತ ವಯಸ್ಕರು

ಈಗ ಸಾಲದ ಅರ್ಜಿಯೆಲ್ಲ ಕಂಪ್ಯೂಟರಿನಲ್ಲಿ. ಅರ್ಜಿದಾರರ ಫೋಟೋ, ವಯಸ್ಸು, ಕೊಳ್ಳಲಿರುವ ಎಮ್ಮೆಯ ಫೋಟೋ, ಅದರ ವಯಸ್ಸು, ಕಿವಿಯ ಬಿಲ್ಲೆ ನಂಬರು, ಎಲ್ಲ ಹಾಕಬೇಕು. ಮೊದಲು ಹೆಬ್ಬೆಟ್ಟು ಒತ್ತಿಸುವ ಯಂತ್ರ. ತಾಈ ಒತ್ತಿದರು. ಯಂತ್ರ ಒಪ್ಪಲಿಲ್ಲ. ಎಡಗೈ, ಬಲಗೈ, ಒರೆಸಿ, ಒದ್ದೆ ಮಾಡಿ, ಹತ್ತೂ ಬೆರಳು ಆಯಿತು. ನಲವತ್ತು ವರ್ಷ ಹಾಲು ಕರೆದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ.

‘ಲಾಲಾನ ಪುಸ್ತಕ ನನ್ನ ಹೆಬ್ಬೆಟ್ಟನ್ನು ಯಾವತ್ತೂ ಬೇಡ ಅಂದಿಲ್ಲ,’ ಅಂದರು ತಾಈ.

ಕಣ್ಣಿನ ಯಂತ್ರ ತರಿಸಲು ಒಂದು ವಾರ ಹೋಯಿತು. ಅದು ಒಪ್ಪಿತು. ಆ ಹೊತ್ತಿಗೆ ನಾನು ಘಾಜಿಯಾಬಾದ್‌ಗೆ ಮೀಟಿಂಗಿಗೆ ಹೋಗಿದ್ದೆ. ಅರ್ಜಿ ತುಂಬುವ ಕೆಲಸ ಚಪರಾಸಿ ವಹಿಸಿಕೊಂಡ. ಮನುಷ್ಯ ಒಳ್ಳೆಯವನು, ಆದರೆ ಕಂಪ್ಯೂಟರಿನ ಮುಂದೆ ಕನ್ನಡಕ ತೆಗೆಯುವ ಅಭ್ಯಾಸ.

ಮೂರನೇ ದಿನ ಅರ್ಜಿ ವಾಪಸ್ಸು ಬಂತು. ಕಾರಣದ ಜಾಗದಲ್ಲಿ ಬರೆದಿತ್ತು: ‘ಅರ್ಜಿದಾರರು ಅಪ್ರಾಪ್ತ ವಯಸ್ಕರು. ವಯಸ್ಸು ಐದು.’

ತೆರೆದು ನೋಡಿದೆ. ಅರ್ಜಿದಾರರ ಫೋಟೋ ಇರಬೇಕಾದಲ್ಲಿ ಎಮ್ಮೆ, ನೇರ ನನ್ನನ್ನೇ ನೋಡುತ್ತಿತ್ತು. ಕೊಳ್ಳಲಿರುವ ಆಸ್ತಿಯ ಜಾಗದಲ್ಲಿ ತಾಈ, ತಲೆ ಮೇಲೆ ಸೆರಗು, ವಯಸ್ಸು ಅರವತ್ತನಾಲ್ಕು, ‘ದಿನಕ್ಕೆ ಹತ್ತು ಲೀಟರ್.’ ನನಗೆ ಸಿಟ್ಟು ನೆತ್ತಿಗೇರಿತು. ಎಣಿಸಿದ ದಿನಗಳಲ್ಲಿ ಹತ್ತು ದಿನ ದಂಡ. ಚಪರಾಸಿಯನ್ನು ನಿಲ್ಲಿಸಿ ಬೈದೆ, ಈ ಸಲ ನಿಜವಾಗಿಯೇ ಬೈದೆ. ತಾಈ ಮಾತ್ರ ಪರದೆಯನ್ನು ಬಗ್ಗಿ ಬಗ್ಗಿ ನೋಡಿದರು.

‘ನಿಮ್ಮ ಬ್ಯಾಂಕು ಅದಕ್ಕೂ ಸಾಲ ಕೊಡಲ್ವಾ ಬೇಟಿ? ಆಧಾರ್ ಇಲ್ಲದಿದ್ರೇನು, ಕಿವಿಯಲ್ಲಿ ನಂಬರ್ ಇದೆಯಲ್ಲ.’

೪. ನನಗೊಬ್ಬ ಜಾಮೀನು

ಅರ್ಜಿ ಸರಿಮಾಡಿ ಕಳಿಸಿದೆವು. ಮುಂದಿನದು ಜಾಮೀನು. ತಾಈ ಸಾಲ ಕಟ್ಟದಿದ್ದರೆ ನಾನು ಕಟ್ಟುತ್ತೇನೆಂದು ಯಾರಾದರೊಬ್ಬರು ಸಹಿ ಹಾಕಬೇಕು. ಹಾಕುವಷ್ಟು ಸ್ಥಿತಿವಂತರು ಊರಿನಲ್ಲಿ ಒಬ್ಬರೇ, ಲಾಲಾ. ಅವರನ್ನು ಕೇಳುವುದು ಹೇಗೆ? ‘ಜಾಮೀನು ತನ್ನಿ, ಜಾಮೀನು ತನ್ನಿ’ ಅಂತ ನಾನು ತಾಈಯನ್ನು ಎರಡು ವಾರ ಓಡಾಡಿಸಿದೆ. ಸಂಬಂಧದಲ್ಲಿ ದೊಡ್ಡಮ್ಮ ಅಂತ ಊರೆಲ್ಲ ಹೇಳುತ್ತಿದ್ದರೂ ನಾನು ನಿಯಮ ಬಿಡುವವಳಲ್ಲ ಎಂಬ ಜಂಭ ಬೇರೆ.

ಅಂಥದೇ ಒಂದು ದಿನ ಶೇರ್ ಆಟೋದಿಂದ ಇಳಿದು ನೋಡುತ್ತೇನೆ, ಬ್ಯಾಗಿಗೆ ಬ್ಲೇಡು ಬಿದ್ದಿದೆ. ಪರ್ಸು ಇಲ್ಲ, ಫೋನು ಇಲ್ಲ. ಆಟೋದವನು ‘ಚಲೋ, ನಾಳೆ ಕೊಡಿ’ ಅಂತ ಬಿಟ್ಟ. ಬ್ರಾಂಚಿಗೆ ಬಂದರೆ ಸರ್ವರ್ ಡೌನ್. ನನ್ನದೇ ಖಾತೆಯಿಂದ ನನಗೆ ಒಂದು ರೂಪಾಯಿ ಬರುವುದಿಲ್ಲ. ಒಳಗೆ ತಿಜೋರಿ ತುಂಬ ನೋಟು, ಕೀಲಿ ನನ್ನ ಸೊಂಟದಲ್ಲಿ, ಮುಟ್ಟುವ ಹಾಗಿಲ್ಲ. ಕ್ಯಾಷಿಯರ್ ರಜೆ. ಚಪರಾಸಿಯ ಜೇಬಿನಲ್ಲಿ ಇಪ್ಪತ್ತು ರೂಪಾಯಿ. ಸಂಜೆಯವರೆಗೂ ಕಾದೆ. ಸರ್ವರ್ ಏಳಲಿಲ್ಲ.

ಮನೆ ಸೇರಬೇಕಲ್ಲ. ತಲೆ ತಗ್ಗಿಸಿ ಪಕ್ಕದ ಅಂಗಡಿಗೆ ಹೋದೆ. ‘ಲಾಲಾಜೀ, ಐನೂರು ರೂಪಾಯಿ ಬೇಕಿತ್ತು. ನಾಳೆ ಕೊಡ್ತೀನಿ.’

ಲಾಲಾ ಕನ್ನಡಕ ಏರಿಸಿದರು. ಅವರಿಗೆ ಅಂದು ಎಂಥ ಖುಷಿ ಅಂದರೆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

‘ಧಾರಾಳವಾಗಿ. ಆದರೆ ಮೇಡಂಜೀ, ನೀವು ಊರಿನವರಲ್ಲ. ಇವತ್ತು ಇಲ್ಲಿರ್ತೀರಿ, ನಾಳೆ ಟ್ರಾನ್ಸ್‌ಫರ್ ಆದರೆ ನಾನು ಎಲ್ಲಿ ಹುಡುಕಲಿ? ಜಾಮೀನು ಯಾರು?’

‘ನಾನು,’ ಎಂದಿತು ಹಿಂದಿನಿಂದ ಒಂದು ದನಿ.

ತಾಈ. ಲಾಲಾನ ಕ್ಯಾನಿಗೆ ಹಾಲು ಸುರಿಯುತ್ತಿದ್ದವರು ಸುರಿಯುವುದನ್ನೂ ನಿಲ್ಲಿಸಿರಲಿಲ್ಲ. ಫೋಟೋ ಬೇಡ, ಆಧಾರ್ ಬೇಡ, ಕಣ್ಣಿನ ಯಂತ್ರ ಬೇಡ. ಲಾಲಾ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ತೆಗೆದು ಒಂದು ಸಾಲು ಬರೆದರು. ಎಲ್ಲ ಸೇರಿ ಒಂದು ನಿಮಿಷ. ಹದಿನಾಲ್ಕು ದಿನ ಅವರನ್ನು ಜಾಮೀನಿಗೆ ಅಲೆದಾಡಿಸಿದವಳು ನಾನು. ನಾಚಿಕೆಯಿಂದ ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸಿತು.

‘ಏನು ಬರೆದಿರಿ?’ ಅಂದೆ.

ಲಾಲಾ ಓದಿದರು: ‘ತಾಈಯ ಭತೀಜಿ, ಅಂದರೆ ಮೈದುನನ ಮಗಳು. ಐನೂರು.’

‘ಬ್ಯಾಂಕ್ ಮ್ಯಾನೇಜರ್ ಅಂತ ಬರೆದಿದ್ದರೆ ಸಾಕಿತ್ತಲ್ಲ?’

‘ಬ್ಯಾಂಕನ್ನ ನಂಬಿ ಯಾರು ಸಾಲ ಕೊಡ್ತಾರೆ ಮೇಡಂಜೀ?’

ಮರುದಿನ ಬೆಳಿಗ್ಗೆ ಐನೂರು ತೀರಿಸಿದವಳೇ ನಿಯಮದ ಪುಸ್ತಕ ತೆಗೆದು ಓದಿದೆ. ಅಷ್ಟು ಸಣ್ಣ ಸಾಲಕ್ಕೆ ಜಾಮೀನು ಬೇಕು ಅಂತಲೇ ಅದರಲ್ಲಿ ಇರಲಿಲ್ಲ. ಹಿಂದಿನ ಮ್ಯಾನೇಜರು ಕೇಳುತ್ತಿದ್ದರು, ಅವರ ಹಿಂದಿನವರೂ ಕೇಳುತ್ತಿದ್ದರು, ನಾನೂ ಕೇಳಿದೆ, ಅಷ್ಟೆ. ಅವತ್ತೇ ಮಂಜೂರು ಮಾಡಿ ಸಹಿ ಹಾಕಿದೆ. ತಿಂಗಳ ಕೊನೆಗೆ ಇನ್ನು ಐದು ದಿನ ಇತ್ತು.

೫. ಇನ್ನೂ ಹತ್ತಿರದ ಸಂಬಂಧ

ಹಣ ಬಿಡುಗಡೆ ಮಾಡಬೇಕೆನ್ನುವ ಹೊತ್ತಿಗೆ ಹೆಡ್ ಆಫೀಸಿನಿಂದ ಇನ್ಸ್‌ಪೆಕ್ಷನ್‌ಗೆ ಒಬ್ಬ ಸಾಹೇಬರು ಬಂದಿಳಿದರು. ಲಖನೌ ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ಇಸ್ತ್ರಿ ಮುರಿಯದ ಅಂಗಿ, ಕೈಗೆ ಹಚ್ಚಿಕೊಳ್ಳಲು ಜೇಬಿನಲ್ಲೊಂದು ಸ್ಯಾನಿಟೈಸರಿನ ಸಣ್ಣ ಬಾಟಲಿ. ‘ಸಾಲ ಪಡೆಯುವವರನ್ನು ನಾನೇ ಖುದ್ದಾಗಿ ನೋಡ್ತೀನಿ’ ಅಂದರು. ನೋಡಲಿ, ನನಗೇನು ಭಯ? ತಾಈಯ ಮನೆ ತೋರಿಸಲು ಚಪರಾಸಿಯನ್ನು ಜೊತೆ ಮಾಡಿದೆ.

ಒಂದು ಗಂಟೆಯಲ್ಲಿ ಹಿಂತಿರುಗಿದರು. ಮುಖ ಗಂಭೀರ.

‘ಮೇಡಂ, ಮಾತಾಜಿಯನ್ನ ಕೇಳಿದೆ, ಮ್ಯಾನೇಜರ್ ನಿಮಗೆ ಹೇಗೆ ಪರಿಚಯ ಅಂತ. ಸ್ವಂತ ಮೈದುನನ ಮಗಳು ಅಂದರು.’

ತಾಈಯದು ತಪ್ಪಲ್ಲ. ಅವರು ಕಂಡ ಸಾಲ ಲಾಲಾನ ಸಾಲ. ಅಲ್ಲಿ ಯಾರ ಮನೆಯವರು, ಯಾರಿಗೆ ಏನಾಗಬೇಕು ಅನ್ನುವುದೇ ಬಂಡವಾಳ. ದೊಡ್ಡ ಸಾಹೇಬರು ಕೇಳಿದರಲ್ಲ, ತಮ್ಮ ಸಾಲಕ್ಕೆ ಇನ್ನಷ್ಟು ಬಲ ಬರಲಿ ಅಂತ ಎದೆಯುಬ್ಬಿಸಿ ಹೇಳಿದ್ದಾರೆ. ನಮ್ಮ ಬ್ಯಾಂಕಿನಲ್ಲಿ ಮಾತ್ರ ಅದು ಉಲ್ಟಾ. ಮ್ಯಾನೇಜರ್ ತನ್ನ ಸಂಬಂಧಿಕರಿಗೆ ಸಾಲ ಮಂಜೂರು ಮಾಡುವ ಹಾಗಿಲ್ಲ.

‘ಅದು ಸುಳ್ಳು ಸರ್,’ ಅಂದೆ.

‘ಪಕ್ಕದ ಅಂಗಡಿಯಲ್ಲೂ ವಿಚಾರಿಸಿದೆ, ಅವರ ಪುಸ್ತಕದಲ್ಲೂ ಹಾಗೇ ಇದೆ. ಅಷ್ಟೇ ಅಲ್ಲ, ಸಾಲ ಪಡೆಯುವವರೇ ನಿಮ್ಮ ಸ್ವಂತ ಸಾಲಕ್ಕೆ ಜಾಮೀನು ನಿಂತಿದಾರೆ. ನನ್ನ ಸರ್ವಿಸಿನಲ್ಲಿ ಇಂಥದ್ದು ನೋಡಿಲ್ಲ.’

ನಾನು ಅವರನ್ನು ಕೂರಿಸಿ, ನೀರು ಕೊಟ್ಟು, ಮೊದಲಿನಿಂದ ಹೇಳಿದೆ. ‘ಸರ್, ನಾನು ಅವರನ್ನ ತಾಈ ಅಂತ ಕರೆದದ್ದೇ ಇಲ್ಲ. ಕನ್ನಡದಲ್ಲಿ ತಾಯಿ ಅಂದೆ. ಎರಡೂ ಬೇರೆ. ಕೇಳೋಕೆ ಒಂದೇ ಥರ ಅಷ್ಟೆ.’

ಅವರು ಪೆನ್ನು ತೆಗೆದರು. ‘ಅಚ್ಛಾ. ಹಾಗಾದರೆ ಕನ್ನಡದಲ್ಲಿ ತಾಯಿ ಅಂದರೆ ಏನು?’

‘ತಾಯಿ ಅಂದರೆ ಮಾ.’

ಅವರು ಬರೆದುಕೊಂಡರು. ‘ಅಂದರೆ ಇನ್ನೂ ಹತ್ತಿರದ ಸಂಬಂಧ.’

೬. ಏನೂ ಅಲ್ಲ

ಸಾಲ ನಿಂತಿತು. ತಿಂಗಳ ಕೊನೆಯ ದಿನ ಸಾಹೇಬರು ಮತ್ತೆ ಬರುವುದಾಗಿ ಹೇಳಿ ಒಂದು ದಾರಿ ಬಿಟ್ಟುಹೋದರು. ‘ಮ್ಯಾನೇಜರ್ ನನಗೆ ಏನೂ ಅಲ್ಲ’ ಅಂತ ತಾಈ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಲಿ, ನಾನೇ ಎದುರು ನಿಂತು ನೋಡಿ ಬಿಡುಗಡೆ ಮಾಡಿಸುತ್ತೇನೆ ಅಂದರು. ಮನುಷ್ಯ ಕೆಟ್ಟವರಲ್ಲ, ಕಾಗದ ಬೇಕು, ಅಷ್ಟೆ.

ಇಷ್ಟೇ ತಾನೇ ಅಂತ ನಾನು ಕಾಗದ ಬರೆಸಿಟ್ಟೆ. ಆ ದಿನ ತಾಈಯೂ ಬಂದರು, ಮಜ್ಜಿಗೆಯ ದೊಡ್ಡ ಚೊಂಬು ಹಿಡಿದು. ಎಮ್ಮೆ ಮಾರುವವನು ಎಮ್ಮೆಯನ್ನು ಹೊಡೆದುಕೊಂಡೇ ಬಂದು ಬ್ರಾಂಚಿನ ಹೊರಗೆ ನಿಂತಿದ್ದ. ಸಂಜೆಯೊಳಗೆ ಹಣ ಬರದಿದ್ದರೆ ದಲ್ಲಾಳಿ ಕಾದಿದ್ದಾನೆ ಅಂದ.

ಚಪರಾಸಿ ಕಾಗದ ಓದಿದ. ತಾಈ ಪೂರ್ತಿ ಕೇಳಿಸಿಕೊಂಡು ಕೈ ಹಿಂದಕ್ಕೆ ಕಟ್ಟಿಕೊಂಡರು.

‘ಇದಕ್ಕೆ ನಾನು ಹೆಬ್ಬೆಟ್ಟು ಒತ್ತಲ್ಲ.’

‘ಯಾಕೆ ತಾಈ?’ ಅಂದೆ. ಅಷ್ಟು ದಿನದಲ್ಲಿ ನಾನೂ ತಾಈ ಅಂತಲೇ ಕರೆಯುತ್ತಿದ್ದೆ, ಅದು ಬೇರೆ ವಿಷಯ.

‘ಎಮ್ಮೆ ಸಿಗುತ್ತೆ ಅಂತ ಮನೆ ಮಗಳನ್ನ ಏನೂ ಅಲ್ಲ ಅಂತ ಬರೆದುಕೊಡ್ತೀನಾ?’

‘ಬರೀ ಕಾಗದ ತಾಈ. ಮೊಮ್ಮಗಳ ಕಾಲೇಜು ನೆನಪು ಮಾಡಿಕೊಳ್ಳಿ.’

ಅವರು ಹೊರಗೆ ನಿಂತ ಎಮ್ಮೆಯನ್ನು ನೋಡಿದರು. ಆಮೇಲೆ ಹೇಳಿದರು, ‘ಅವಳೂ ನಮ್ಮ ಹುಡುಗಿ, ನೀನೂ ನಮ್ಮ ಹುಡುಗಿ. ಒಬ್ಬಳಿಗಾಗಿ ಇನ್ನೊಬ್ಬಳನ್ನ ಬಿಡೋಕಾಗಲ್ಲ.’

ನನಗೆ ಅಳು ಬಂತು, ನಿಜ ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಸಾಲಕ್ಕಾಗಿ ಸುಳ್ಳು ಸಂಬಂಧ ಹೇಳಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೆ. ಸಂಬಂಧಕ್ಕಾಗಿ ಸಾಲ ಬಿಟ್ಟವರು ಇವರೊಬ್ಬರೇ, ಅದೂ ಇಲ್ಲದ ಸಂಬಂಧಕ್ಕೆ. ಸಾಹೇಬರು ಗಡಿಯಾರ ನೋಡಿಕೊಂಡು ಫೈಲು ಕಟ್ಟತೊಡಗಿದರು.

ಆಗ ಲಾಲಾ ಒಳಗೆ ಬಂದರು, ಕಂಕುಳಲ್ಲಿ ಅಂಥದೇ ಇನ್ನೊಂದು ಕೆಂಪು ರಟ್ಟಿನ ಪುಸ್ತಕ. ಅದಕ್ಕಿಂತ ಹಳೆಯದು, ಅವರಪ್ಪನ ಕಾಲದ್ದು.

‘ಸಾಹೇಬ್, ಒಂದು ನಿಮಿಷ. ಮೇಡಂ ತಾಈಯ ಮೈದುನನ ಮಗಳು ಅನ್ನೋದು ನಿಮ್ಮ ಬ್ಯಾಂಕಿನ ಕಾಗದದಲ್ಲೂ ಪಕ್ಕಾ ಆಯ್ತು ತಾನೆ?’

‘ಆದ ಹಾಗೇ,’ ಅಂದರು ಸಾಹೇಬರು.

‘ಒಳ್ಳೇದಾಯ್ತು.’ ಲಾಲಾ ಪುಸ್ತಕ ತೆರೆದರು. ‘ಆ ಮೈದುನ ಸೈನ್ಯಕ್ಕೆ ಹೋಗುವಾಗ ಒಂದು ಕಬ್ಬಿಣದ ಟ್ರಂಕಿಗೆ, ರೈಲಿನ ಚಾರ್ಜಿಗೆ ಅಂತ ನಮ್ಮ ತಂದೆ ಹತ್ತಿರ ಎಂಬತ್ತು ರೂಪಾಯಿ ತಗೊಂಡಿದ್ದ. ವಾಪಸ್ಸು ಬರಲಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ವರ್ಷಕ್ಕೊಮ್ಮೆ ಬಡ್ಡಿ ಮೇಲೆ ಬಡ್ಡಿ. ನಲವತ್ತೇಳು ವರ್ಷ. ಅಪ್ಪನ ಸಾಲ ಮಕ್ಕಳು ತೀರಿಸಬೇಕು. ಮೇಡಂಜೀ, ಲೆಕ್ಕ ನೀವೇ ಹಾಕಿ.’

ಚಪರಾಸಿ ಕ್ಯಾಲ್ಕುಲೇಟರ್ ಹಿಡಿದ. ಒತ್ತಿದ, ಒತ್ತಿದ, ಕೊನೆಗೆ ಅದನ್ನು ಸಾಹೇಬರ ಮುಂದೆ ಇಟ್ಟ. ‘ಎರರ್ ಬರ್ತಿದೆ ಸರ್. ಜಾಗ ಸಾಲ್ತಿಲ್ಲ.’ ಸಾಹೇಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರು. ಹಣೆ ಒರೆಸಿಕೊಂಡರು. ಹದಿನೈದು ಕೋಟಿಯ ಹತ್ತಿರ.

ತಾಈ ಎಲ್ಲರ ಮುಖ ನೋಡಿದರು. ‘ಅಷ್ಟೂ ಈಕೆ ಕೊಡಬೇಕಾ?’

‘ಮೈದುನನ ಮಗಳಾದರೆ ಕೊಡಬೇಕು,’ ಅಂದರು ಲಾಲಾ. ‘ಅಲ್ಲದಿದ್ದರೆ ಇಲ್ಲ.’

ತಾಈ ಕಟ್ಟಿದ ಕೈ ಬಿಚ್ಚಿದರು. ನೇರ ಮೇಜಿನ ಹತ್ತಿರ ಬಂದು ಶಾಯಿಯ ಡಬ್ಬಿಗೆ ಹೆಬ್ಬೆರಳು ಅದ್ದಿದರು.

‘ಎಲ್ಲಿ ಒತ್ತಬೇಕು? ಈಕೆ ನನಗೆ ಏನೂ ಅಲ್ಲ. ಯಾವತ್ತೂ ನೋಡೇ ಇಲ್ಲ. ಎಲ್ಲೋ ಮದ್ರಾಸಿನ ಕಡೆಯವಳು.’ ಅಷ್ಟು ಸಾಲದೆ ಶಾಯಿಯ ಬೆರಳಿನಿಂದ ನನ್ನ ಮುಖ ತೋರಿಸಿ ಸಾಹೇಬರಿಗೆ ಹೇಳಿದರು, ‘ಮೂಗು ನೋಡಿ ಸಾಹೇಬ್. ಇಂಥ ಮೂಗು ನಮ್ಮ ವಂಶದಲ್ಲೇ ಇಲ್ಲ.’

ನಾನು ಕುಣಿಯಬೇಕಿತ್ತು. ಆದರೆ ‘ಏನೂ ಅಲ್ಲ’ ಅಂದಾಗ ನಾನು ನನ್ನ ಮೂಗನ್ನೇ ಮುಟ್ಟಿ ನೋಡಿಕೊಂಡೆ. ತಾಈ ಒಂದು ಕಾಗದಕ್ಕಲ್ಲ, ಎರಡಕ್ಕೆ ಒತ್ತಿದರು, ಒಂದು ಬ್ಯಾಂಕಿಗೆ, ಒಂದು ಲಾಲಾಗೆ. ಸಾಹೇಬರು ಸಹಿ ಹಾಕಿದರು. ಸರ್ವರ್ ಅವತ್ತು ಪುಣ್ಯಕ್ಕೆ ಎದ್ದಿತ್ತು. ಹಣ ಎಮ್ಮೆ ಮಾರುವವನ ಖಾತೆಗೆ ಹೋಯಿತು. ಎಮ್ಮೆಯ ಹಗ್ಗ ತಾಈಯ ಕೈಗೆ ಬಂತು. ಕಾಲೇಜು ಉಳಿಯಿತು.

ಜನ ಚದುರಿದ ಮೇಲೆ ನಾನು ಲಾಲಾನ ಪುಸ್ತಕಕ್ಕೆ ಬಗ್ಗಿ ನೋಡಿದೆ. ಎಂಬತ್ತು ರೂಪಾಯಿ ಇತ್ತು, ನಿಜ. ಅದರ ಪಕ್ಕದಲ್ಲೇ, ಬೇರೆ ಶಾಯಿಯಲ್ಲಿ, ಮರುವರ್ಷವೇ ಮನಿಯಾರ್ಡರಿನಲ್ಲಿ ಬಂದು ಪೂರ್ತಿ ತೀರಿದೆ ಅಂತಲೂ ಇತ್ತು.

‘ಲಾಲಾಜೀ, ಎರಡನೇ ಎಮ್ಮೆ ಬಂದರೆ ತಾಈ ನಿಮ್ಮ ಕೈ ತಪ್ಪಿಹೋಗ್ತಾರೆ. ಗೊತ್ತಿದ್ದೂ ಯಾಕೆ ಮಾಡಿದಿರಿ?’

ಲಾಲಾ ಪುಸ್ತಕ ಮುಚ್ಚಿದರು. ‘ಎಮ್ಮೆ ಮಾರಿದವನಿದ್ದಾನಲ್ಲ ಮೇಡಂಜೀ, ನನಗೆ ನಾಲ್ಕು ವರ್ಷದಿಂದ ಬಾಕಿ. ನಿಮ್ಮ ದುಡ್ಡು ಬಂದ ಕೂಡಲೇ ಫೋನಿನಲ್ಲೇ ನನಗೆ ಕಳಿಸಿಬಿಟ್ಟ. ಬ್ಯಾಂಕು ಅಂದರೆ ಒಳ್ಳೇದೇ.’

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಾಈ ತಂದ ಮಜ್ಜಿಗೆ ಉಳಿದಿತ್ತಲ್ಲ, ಹೊರಡುತ್ತಿದ್ದ ಸಾಹೇಬರನ್ನು ನಿಲ್ಲಿಸಿ ಒಂದು ಲೋಟ ಕೊಟ್ಟರು. ಜೂನ್ ಹತ್ತಿರದ ಬಿಸಿಲು. ಸಾಹೇಬರು ಜೇಬಿನ ಬಾಟಲಿ ಮರೆತು ಒಂದೇ ಉಸಿರಿಗೆ ಕುಡಿದರು. ಇನ್ನೊಂದು ಲೋಟವೂ ಆಯಿತು. ಬೆಳಗಿನಿಂದ ನಾನು, ಚಪರಾಸಿ, ಲಾಲಾ, ಎಮ್ಮೆಯವನು ಎಲ್ಲರ ಬಾಯಲ್ಲೂ ಒಂದೇ ಪದ ಕೇಳಿ ಕೇಳಿ ಅವರ ಕಿವಿಗೂ ಅದು ಅಂಟಿತ್ತೇನೋ. ಮೀಸೆ ಒರೆಸಿಕೊಂಡು ಕೈ ಮುಗಿದರು.

‘ಅಚ್ಛಾ ತಾಈ, ಬರ್ತೀನಿ.’

ತಾಈ ಲೋಟ ತೆಗೆದುಕೊಳ್ಳಲು ಚಾಚಿದ ಕೈ ಅಲ್ಲೇ ನಿಂತಿತು. ಸಾಹೇಬರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಮೂಗನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು.

‘ಯಾರ ಮಗ ನೀನು?’

ಸಾಹೇಬರು ನನ್ನ ಕಡೆ ನೋಡಿದರು. ನಾನು ಫೈಲು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಲಾಲಾ ಬೆರಳಿಗೆ ಎಂಜಲು ಹಚ್ಚಿ, ನಿಧಾನವಾಗಿ, ಪುಸ್ತಕದ ಹಾಳೆ ತಿರುವತೊಡಗಿದರು.